ಬೇವಿನ ಬುಡದ ಬಿಳಿ

ಐವತ್ತಾರನೇ ಇಸವಿಯೋ ಐವತ್ತೇಳೋ, ಬೇಸಿಗೆಯಂತೂ ಹೌದು. ಆಗ ನಾನು ಸೊಲ್ಲಾಪುರದ ಒಂದು ಗಿರಣಿಯಲ್ಲಿ ಚಾದರಗಳ ನಕ್ಷೆ ಬರೆಯುತ್ತಿದ್ದೆ. ಚೌಕುಳಿ ಕಾಗದ, ಒಂದೊಂದು ಚೌಕಕ್ಕೂ ಒಂದು ಬಣ್ಣ. ಒಂದು ಚೌಕ ಖಾಲಿ ಉಳಿದರೂ ಮಗ್ಗದಲ್ಲಿ ಹೂವು ಕೆಡುತ್ತಿತ್ತು. ಹೀಗೆ ತುಂಬಿ ತುಂಬಿ ಪಳಗಿದ ಕೈ ನನ್ನದು. ರವಿವಾರ ನನಗೆ ಕಲಿಸುತ್ತಿದ್ದ ಚಿತ್ರಕಲೆಯ ಮಾಸ್ತರರಿಗೆ ಬೇಕಾದದ್ದು ಇದರ ಉಲ್ಟಾ. ಜಲವರ್ಣದಲ್ಲಿ ಬಿಳಿ ಎಂದರೆ ಹಚ್ಚದೆ ಬಿಟ್ಟ ಕಾಗದ. ನನ್ನ ಪೆಟ್ಟಿಗೆಯಲ್ಲಿದ್ದ ಬಿಳಿ ಬಣ್ಣವನ್ನು ಅವರು ಕಿತ್ತಿಟ್ಟುಕೊಂಡಿದ್ದರು.

“ಕಾಗದಾ ಬಿಡೋ ಬಾಬಾ, ಬಿಡು! ಏನ್ ಚಾದರಾ ನೇಯಾಕತ್ತೀಯೋ?”

ಮುಂಬಯಿಯ ಚಿತ್ರಶಾಲೆ ಸೇರಲು ಅವರ ಪತ್ರ ಬೇಕಿತ್ತು. ನನ್ನ ಮೂರು ನಿಸರ್ಗಚಿತ್ರಗಳನ್ನು ಆಗಲೇ ಪಕ್ಕಕ್ಕೆ ಸರಿಸಿದ್ದರು. ನಾಲ್ಕನೆಯದೂ ಕೆಟ್ಟರೆ ಪತ್ರವಿಲ್ಲ, ಜನ್ಮವಿಡೀ ಚೌಕಗಳೇ.

ಅಕ್ಕಲಕೋಟದಲ್ಲಿ ಬಸ್ಸಿಳಿದು ಮೈಂದರ್ಗಿಯ ದಾರಿ ಹಿಡಿದು ನಡೆದೆ. ಒಂದು ಕೆರೆ, ದಂಡೆಯ ಮೇಲೆ ಒಂದೇ ಬೇವಿನ ಮರ. ಕುರಿ ಕಾಯುತ್ತಿದ್ದ ಮುದುಕನೊಬ್ಬ, ಎರೆಮಣ್ಣು ಸುಡುತ್ತದೆಂದು ತನ್ನ ಕಂಬಳಿ ಹಾಸಿಕೊಟ್ಟ. ಪೆನ್ಸಿಲ್ಲಿನ ಗೆರೆ ಮುಗಿಸಿ, ಗಾಳಿಗೆ ಹಾರದಿರಲೆಂದು ಕಾಗದವನ್ನು ಆ ಕಂಬಳಿಯ ಮೇಲೆ ಬೋರಲು ಹಾಕಿ, ಬೇವಿನ ಬುಡದಿಂದ ಗೇಣುದ್ದದ ಒಂದು ಕಲ್ಲು ತಂದು ಹೇರಿ, ನೀರು ತುಂಬಲು ಹೋದೆ.

ಬಿಸಿಲಿಗೆ ಬಣ್ಣ ಕುಂಚದ ಬೆನ್ನಿಗೇ ಒಣಗುತ್ತಿತ್ತು. ಆಕಾಶ, ನೀರು, ದಂಡೆ ಹೇಗೋ ಬಂದವು. ಮರದ ಬುಡಕ್ಕೆ ಕಂದು ಎಳೆದೆ. ಹೆಬ್ಬೆರಳುದ್ದದ ಒಂದು ಜಾಗದಲ್ಲಿ ಬಣ್ಣ ನಿಲ್ಲಲಿಲ್ಲ. ಹನಿಹನಿಯಾಗಿ ಒಡೆದು ಪಕ್ಕಕ್ಕೆ ಸರಿಯಿತು. ಮತ್ತೆ ಎಳೆದೆ. ಮತ್ತೆ ಸರಿಯಿತು. ಉಳಿದ ಬಿಳಿಗೆ ತಲೆ, ಹೆಗಲು, ಕಾಲಿಲ್ಲದ ಮೈ.

ಮುದುಕ ಹಿಂದಿನಿಂದ ಬಾಗಿದ. “ಅಲ್ಲಿ ನಿಂತಾಂವ ಯಾರ್ರಿ?”

“ಯಾರೂ ಇಲ್ಲ ಕಾಕಾ. ಬಣ್ಣಾ ಹತ್ತವಲ್ದು.”

“ಇಷ್ಟ್ ದೂರ ಬಂದು, ಹತ್ತಲಾರದ ಬಣ್ಣಾ ತಂದೀರೇನ?” ಎಂದು ನಗತೊಡಗಿದವನು ಅರ್ಧಕ್ಕೇ ನಿಲ್ಲಿಸಿದ. ಕಂಬಳಿಯ ಅಂಚಿಗಿದ್ದ ಕಲ್ಲನ್ನು ನೋಡುತ್ತಿದ್ದ. “ಆ ಕಲ್ಲು ಎಲ್ಲೀದ್ರಿ?”

ಬೇವಿನ ಬುಡ ತೋರಿಸಿದೆ.

“ನಮ್ಮ ತಮ್ಮಂದದು. ಹ್ವಾದ ವರ್ಸ ಇದ ಕೆರ್ಯಾಗ ಮುಳುಗಿ ಹ್ವಾದ. ಬೀರೋಬಾನ ಭಂಡಾರಾ ಹಚ್ಚಿ ಅವನ ಹೆಸರಿಲೆ ಇಟ್ಟೇವಿ.” ದನಿ ಏರಲಿಲ್ಲ. “ಮಾರಿ ಯಾ ಕಡಿ ಇತ್ರಿ, ನೀವು ಎತ್ತುವಾಗ?”

ಕಲ್ಲಿಗೆ ಮುಖವಿದೆಯೆಂದೇ ನನಗೆ ಗೊತ್ತಿರಲಿಲ್ಲ. “ನೀರಿನ ಕಡಿ,” ಎಂದೆ, ಬಾಯಿಗೆ ಬಂದದ್ದು.

“ನಾವು ಊರ ಕಡಿ ಇಟ್ಟಿದ್ದಿವಿ.” ಕೆರೆಯ ಕಡೆ ನೋಡಿದ. “ಅಂದ್ರ ತಿರಗ್ಯಾನ.”

ನೋಡಿರಲಿಲ್ಲ, ಸುಮ್ಮನೆ ಹೇಳಿದೆ ಎನ್ನಬೇಕಿತ್ತು. ದಂಡೆಯ ಬಣ್ಣ ಒಣಗುತ್ತಿತ್ತು, ಅಂಚು ಗಟ್ಟಿಯಾದರೆ ಚಿತ್ರ ಕೆಟ್ಟಂತೆ. ನಾನು ಕುಂಚ ಎತ್ತಿಕೊಂಡೆ. ಅವನು ಕಲ್ಲನ್ನು ಕೂಸಿನಂತೆ ಎತ್ತಿಕೊಂಡು ಹೋಗಿ ಇಟ್ಟುಬಂದ, ಕಂಬಳಿ ಕೇಳಿ ತೆಗೆದುಕೊಂಡ, ಕುರಿಗಳಿಗೆ ನೀರು ಕುಡಿಸದೆಯೇ ಹೊಡೆದುಕೊಂಡು ಹೋದ. ಅವು ಹಿಂದಿರುಗಿ ನೋಡಿದವು ಎಂದು ಬರೆಯಲು ಕೈ ತುಡಿಯುತ್ತದೆ. ನೋಡಿರಲಾರವು. ಕಲ್ಲಿನ ಮೇಲೆ ಆ ಭಂಡಾರದ ಅರಿಷಿಣವಿತ್ತೇ? ಈಗ ಹಳದಿಯಾಗಿಯೇ ಕಾಣುತ್ತದೆ. ಆಗಲೂ ಕಂಡಿದ್ದರೆ ನಾನು ಅದನ್ನು ಎತ್ತುತ್ತಿದ್ದೆನೇ?

ಮಾಸ್ತರರು ಚಿತ್ರವನ್ನು ಕೈಚಾಚಿ ಹಿಡಿದು ಬಹಳ ಹೊತ್ತು ನೋಡಿದರು.

“ಶಾಬ್ಬಾಸ್! ಕಡೀಕೂ ಕಾಗದಾ ಬಿಟ್ಟಿ ನೋಡು. ಯಾರಂವ?”

ಅಷ್ಟರಲ್ಲಿ ನನಗೆ ಕಾರಣ ಹೊಳೆದಿತ್ತು. ಕಂಬಳಿಯ ಹಸಿ ಉಣ್ಣೆಯ ಜಿಡ್ಡು ಕಲ್ಲಿನ ಭಾರಕ್ಕೆ ಕಾಗದಕ್ಕಿಳಿದಿತ್ತು, ಆ ಬಿಳಿ ನಾನು ಬಿಟ್ಟದ್ದಲ್ಲ. ಬಣ್ಣ ನಿಂತಿದ್ದರೆ ಆ ಜಾಗವನ್ನೂ ತುಂಬಿಯೇಬಿಡುತ್ತಿದ್ದೆ. ಹೇಳಿದರೆ ಪತ್ರವಿಲ್ಲ.

“ಕುರುಬರಂವರಿ,” ಎಂದೆ. “ಅಲ್ಲೇ ನಿಂತಿದ್ದ.”

ಅವರು ಪತ್ರ ಬರೆದರು.

ಬಿಳಿ ಬಿಡುವುದನ್ನು ಮುಂಬಯಿಯಲ್ಲಿ ನಿಧಾನವಾಗಿ ಕಲಿತೆ. ಆದರೆ ಬಿಟ್ಟ ಜಾಗದಲ್ಲೆಲ್ಲ ಯಾರೋ ಬಂದು ನಿಲ್ಲುತ್ತಾರೆಂಬ ಅಂಜಿಕೆ ಆ ಕೆರೆಯಿಂದಲೇ ಬಂದದ್ದು. ಆ ಚಿತ್ರ ನನ್ನಲ್ಲಿದೆ, ಗೋಡೆಗೆ ಹಾಕಿಲ್ಲ. ಆಕಾಶ ಮಾಸಿಹೋಗಿದೆ, ಬೇವು ಬೂದಿಯಾಗಿದೆ. ಜಿಡ್ಡು ಮಾತ್ರ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಿದೆ. ಅಂದು ಬಿಳಿಯಾಗಿದ್ದವನು ಈಗ ಇಡೀ ಕಾಗದದಲ್ಲಿ ಎಲ್ಲಕ್ಕಿಂತ ಮೊದಲು ಕಾಣುತ್ತಾನೆ. ಅವನ ಮುಖ ಯಾವ ಕಡೆಗಿದೆ ಎಂದು ಯಾರಾದರೂ ಕೇಳಿದರೆ, ಈಗಲೂ ನಾನು ಬಾಯಿಗೆ ಬಂದದ್ದನ್ನೇ ಹೇಳಬೇಕು.