ಕೆಂಪು ದಾರ ಕಟ್ಟಿದ ಕುಸುಬಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ವಯಸ್ಸಾಯಿತು, ಇನ್ನೂ ಇಳಿದಿಲ್ಲ. ನಮ್ಮ ನಾಡು ಒಂದಾದ ವರ್ಷ ಕುರ್ತಕೋಟಿ ಹತ್ತಿರದ ಬೀಜದ ಹೊಲದಲ್ಲಿ ಕೆಲಸಕ್ಕಿದ್ದೆ. ಆಗಂತೂ ಕೇಳುವುದೇ ಬೇಡ.

ನನ್ನ ಪಾಲಿಗೆ ಬಂದದ್ದು ಎಣ್ಣೆಕಾಳಿನ ಕುಸುಬಿ. ಬೀಜಕ್ಕೆ ಒಳ್ಳೆಯ ಗಿಡ ಆರಿಸಲು ಗಿಡಗಿಡದ ಟೊಂಗೆ ಎಣಿಸಬೇಕು, ಕಾಯಿ ಎಣಿಸಬೇಕು, ಕಾಯಿಯೊಳಗಿನ ಕಾಳು ಬಿಡಿಸಿ ತೂಗಬೇಕು. ಎತ್ತರಕ್ಕೆ ಮರುಳಾಗಬೇಡ, ಟೊಂಗೆ ಹೆಚ್ಚಿದ್ದಲ್ಲಿ ಕಾಯಿ ಹೆಚ್ಚು, ಕಾಳೂ ಹೆಚ್ಚು ಎಂದು ಬೀಜದ ಹೊಲದ ಸಾಹೇಬರು ಹೇಳಿಕೊಟ್ಟಿದ್ದರು. ನಾನು ಆರಿಸಿದ ಗಿಡಗಳ ಬೀಜ ಬೆಳೆಸಿ, ಮುಂದೆ ಬೆಳ್ಳಟ್ಟಿ, ಲಕ್ಷ್ಮೇಶ್ವರದ ಕಡೆಯ ರೈತರಿಗೆ ಕೊಡುವುದಿತ್ತು.

ಕಾಯಿ ಬಲಿತಾಗ ನೋಡಿದರೆ, ಹಾದಿ ಬದಿಯ ಸಾಲಿನ ಗಿಡಗಳು ಟೊಂಗೆ ಟೊಂಗೆ ಒಡೆದು ತುಂಬಿ ನಿಂತಿದ್ದವು. ಒಳಗಿನವು ಅವುಗಳ ಅರ್ಧವೂ ಇಲ್ಲ. ಹಾದಿ ಬದಿಯವಕ್ಕೆ ಕೆಂಪು ದಾರ ಕಟ್ಟಿ ಗುರುತು ಮಾಡಿದೆ. ಮರುದಿನ ಸಾಹೇಬರು ನೋಡಲು ಬರುವವರಿದ್ದರು. ನನ್ನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಬುತ್ತಿ ತಂದ ಅವ್ವ ದಾರ ನೋಡಿ ಇದೇನು ಎಂದಳು. ಜಂಬದಿಂದ ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು.

“ಇವು ನಾ ಕುಡಿ ಚಿವುಟಿದ ಗಿಡಾನಪಾ. ರಾಜ್ಯ ಒಂದಾತು ಅಂತ ನೀವೆಲ್ಲಾ ಗದಗಿಗೆ ಹೋಗಿದ್ರಿ ನೋಡು, ಅವತ್ತ ಪಲ್ಲೇಕ ಒಯ್ದಿದ್ದೆ. ಕುಡಿ ಚಿವುಟಿದ್ರ ಟೊಂಗಿ ಒಡೀತಾವು.”

ನಮ್ಮ ಕಡೆ ಎಳೆ ಕುಸುಬಿ ಕಂಡರೆ ಹೆಣ್ಣುಮಕ್ಕಳ ಕೈ ಸುಮ್ಮನಿರುವುದಿಲ್ಲ. ಮುಳ್ಳು ಬಲಿಯುವ ಮೊದಲೇ ಮುರಿದು ಪಲ್ಲೆ ಮಾಡುತ್ತಾರೆ. ಅವತ್ತು ರೊಟ್ಟಿಯ ಮೇಲೆ ಎರಡೆರಡು ಸಲ ಹಾಕಿಸಿಕೊಂಡು ತಿಂದವನೂ ನಾನೇ! ಗುಣ ಬೀಜದಲ್ಲಿರಲಿಲ್ಲ, ಅವ್ವನ ಉಗುರಿನಲ್ಲಿತ್ತು. ಅವಳ ಮೇಲೆ ಬಾಯಿಗೆ ಬಂದಂತೆ ಹಾರಾಡಿದೆ. ಸುಮ್ಮನಿದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ನಾಳೆ ರೈತರ ಹೊಲದಲ್ಲಿ ಬಡಕಲು ಗಿಡ ಎದ್ದರೆ ಯಾವ ಮುಖ ಹೊತ್ತು ಹೋಗಲಿ? ಒಂದೊಂದೇ ದಾರ ಬಿಚ್ಚತೊಡಗಿದೆ.

ಅವ್ವ ನಗು ನಿಲ್ಲಿಸಿದಳು. ಬಿಚ್ಚಿದ ದಾರವೊಂದನ್ನು ಎತ್ತಿಕೊಂಡು ಸಾಲಿನ ತುದಿಗೆ ನಡೆದು, ಅಷ್ಟೇ ತುಂಬಿ ನಿಂತಿದ್ದ ಇನ್ನೊಂದು ಗಿಡಕ್ಕೆ ಕಟ್ಟಿದಳು.

“ಇದನ್ನ ನಾ ಮುಟ್ಟಿಲ್ಲ. ಅವತ್ತ ಇದರ ಎಲಿ ಆಗ್ಲೇ ಮುಳ್ಳಾಗಿದ್ವು, ಬೆರಳಿಗೆ ಚುಚ್ಚಿದ್ವು, ಬಿಟ್ಟೆ. ಇದು ತಾನ ಒಡದೈತಿ.”

ಬಗ್ಗಿ ನೋಡಿದೆ. ನಡುಕುಡಿ ಹಾಗೇ ನೆಟ್ಟಗಿತ್ತು, ಚಿವುಟಿದ ಗುರುತೇ ಇರಲಿಲ್ಲ.

ಮರುದಿನ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಅವ್ವ ತೋರಿಸಿದ ಆ ಒಂದು ಗಿಡದ ಬೀಜವನ್ನು ಬೇರೆಯೇ ಇಡಲು ಹೇಳಿದರು. ಮುಂದಿನ ಹಿಂಗಾರಿಗೆ ಅದನ್ನೊಂದು ಸಾಲು ಬಿತ್ತಿದೆ. ಯಾರೂ ಮುಟ್ಟದೆ ಹೆಚ್ಚಿನ ಗಿಡಗಳು ತಾವೇ ಟೊಂಗೆ ಒಡೆದವು. ಖುಷಿ ತಡೆಯಲಾಗದೆ ಓಡಿಹೋಗಿ ಅವ್ವನನ್ನು ಕರೆತಂದೆ. ಅವಳು ಸಾಲಿನ ಆ ತುದಿಯಿಂದ ಈ ತುದಿಯವರೆಗೂ ನೋಡುತ್ತ ನಡೆದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.