ಅವ್ವನ ಮಗ್ಗಕ್ಕೆ ಬಂದ ಕರೆಂಟು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಹೊತ್ತು ಎಷ್ಟಾಯಿತೆಂದು ತಿಳಿಯಲು ಯಾರೂ ಗೋಡೆಯ ಗಡಿಯಾರ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಮಣ್ಣಿನ ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲಿನ ಚೌಕ ಬೆಳಿಗ್ಗೆ ಗೋಡೆಯ ಗೂಡಿನಲ್ಲಿ ಇರುತ್ತಿತ್ತು, ಮೆಲ್ಲಗೆ ಕೆಳಗಿಳಿದು ಅವ್ವನ ಮಗ್ಗದ ಮೇಲೆ ಬರುತ್ತಿತ್ತು, ಅಲ್ಲಿಂದ ಸರಿದು ಅಪ್ಪ ನೂಲು ಸುತ್ತುವ ರಾಟಿ ಮುಟ್ಟಿತೆಂದರೆ ನಮಗೆ ಊಟ. ನಾನು ಮದುವೆಯಾಗಿ ಮುಶಿಗೇರಿಗೆ ಹೋದ ಮೇಲೂ ಬಹಳ ದಿನ ಹೊಟ್ಟೆ ಹಸಿದರೆ ನೆಲದ ಕಡೆ ನೋಡುತ್ತಿದ್ದೆ. ಗಂಡನ ಮನೆಯವರು, ಇವಳೇನು ಕಳಕೊಂಡಿದ್ದಾಳೆ ಎಂದು ತಾವೂ ಹುಡುಕುತ್ತಿದ್ದರು.

ಅವ್ವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಕೈ ಲಾಳಿ ಓಡಿಸುತ್ತದೆ, ಕಾಲು ಕೆಳಗಿನ ಮೆಟ್ಟು ತುಳಿಯುತ್ತದೆ. ಲಾಳಿಗೆ ಹಾಕುವ ನೂಲಿನ ಕಂಡಿಕೆಯನ್ನು ರಾಟಿಯಲ್ಲಿ ಸುತ್ತುವುದು ಅಪ್ಪನ ಕೆಲಸ. ನನಗೂ ಒಂದು ಕೆಲಸ ಇತ್ತು. ಸಂಜೆ ಬಿಸಿಲು ಓರೆಯಾಗಿ ಬೆಳಕಿಂಡಿಗೆ ನಿಲುಕದಾದಾಗ, ಹಿತ್ತಲ ಬಾಗಿಲಲ್ಲಿ ಸ್ಟೀಲಿನ ಪರಾತ ಹಿಡಿದು ನಿಂತು ಬಿಸಿಲನ್ನು ಒಳಗೆ ಹೊಡೆಯಬೇಕು. ಹಿಟ್ಟು ನಾದುವ ಪರಾತವೇ ಅದು. ಕೈ ಸ್ವಲ್ಪ ಅಲುಗಿದರೂ ಬೆಳಕು ಅವ್ವನ ಸೀರೆ ಬಿಟ್ಟು ಅಪ್ಪನ ಬೋಳು ತಲೆಯ ಮೇಲೆ ಹೋಗಿ ಕೂರುತ್ತಿತ್ತು. ಬೇಕೆಂತಲೇ ಹಾಗೆ ಮಾಡಿ ಬೈಸಿಕೊಂಡದ್ದೂ ಉಂಟು.

ನನ್ನ ಮದುವೆಯಾಗಿ ಒಂದೆರಡು ವರ್ಷದಲ್ಲಿ ಅವ್ವನ ಮೊಣಕಾಲು ಕೈಕೊಟ್ಟವು. ಕುಣಿಗೆ ಇಳಿಯುವಾಗ ಹಲ್ಲು ಕಚ್ಚುತ್ತಿದ್ದಳು, ಏಳುವಾಗ ಅಪ್ಪನ ಹೆಗಲು ಹಿಡಿಯುತ್ತಿದ್ದಳು. ದವಾಖಾನೆಯಲ್ಲಿ ಮೆಟ್ಟು ತುಳಿಯುವುದು ಸಾಕು ಮಾಡಿ ಎಂದರು. ಅವ್ವ ಹೂಂ ಎಂದು ಮನೆಗೆ ಬಂದು ಮತ್ತೆ ಕುಣಿಗಿಳಿದಳು. ನಾನು ಬಸುರಿಯಾಗಿದ್ದೆ. ನಮ್ಮಲ್ಲಿ ಬಸುರಿ ಮಗಳಿಗೆ ತವರಿನವರು ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುತ್ತಾರೆ. ಜೀವಮಾನವೆಲ್ಲ ಊರವರ ಹೆಣ್ಣುಮಕ್ಕಳ ಕುಬಸಕ್ಕೆ ಸೀರೆ ನೇಯ್ದವಳು ತನ್ನ ಮಗಳಿಗೆ ಅಂಗಡಿಯಿಂದ ತರಲು ಒಪ್ಪಲಿಲ್ಲ. ಇದೊಂದು ಸೀರೆ ಮುಗಿಯಲಿ, ಆಮೇಲೆ ಕಾಲು ಏನಾದರೂ ಆಗಲಿ ಎಂದು ಹಟ ಹಿಡಿದಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನಿನ್ನ ಕಾಲು ಮುರಿದ ಸೀರೆ ನಾನು ಉಡುವುದಿಲ್ಲ ಎಂದು ಫೋನಿನಲ್ಲೇ ಜಗಳ ತೆಗೆದೆ. ಅವಳು ಫೋನನ್ನು ಅಪ್ಪನ ಕೈಗೆ ಕೊಟ್ಟು ನೇಯಲು ಹೋದಳು.

ಉಪಾಯ ಹುಡುಕಿದವನು ಅಣ್ಣ. ಅವನು ನಮ್ಮ ಗುಡ್ಡದ ಮೇಲಿನ ಗಾಳಿಯಂತ್ರಗಳ ದೇಖರೇಖಿಯ ಕೆಲಸದಲ್ಲಿದ್ದಾನೆ. ಊರವರು ಅವನ್ನು ಫ್ಯಾನು ಎನ್ನುತ್ತಾರೆ. ಇಷ್ಟು ಫ್ಯಾನು ತಿರುಗಿದರೂ ಊರಿಗೇಕೆ ಸೆಖೆ ಎಂದು ಅಪ್ಪ ದಿನಾ ಕೇಳುತ್ತಿದ್ದ. ಅಣ್ಣನ ಮನಸ್ಸಿನಲ್ಲಿದ್ದದ್ದು ಬೇರೆ. ಗುಡ್ಡದಲ್ಲಿ ಹುಟ್ಟಿದ ಕರೆಂಟು ತಂತಿಯ ಮೇಲೆ ನಮ್ಮ ಮಾಳಿಗೆ ದಾಟಿ ಎಲ್ಲಿಗೋ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಮಧ್ಯಾಹ್ನ ಹೋದ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ. ನಮ್ಮ ಮನೆಗೆ ಬೇಕಾದಷ್ಟು ಕರೆಂಟು ನಮ್ಮ ಮನೆಯ ಮೇಲೆಯೇ ಹುಟ್ಟಬೇಕು, ಒಳಗೆ ಹೊಗೆ ಇರಬಾರದು, ಹೊರಗಿನದಕ್ಕೆ ಕಾಯಬಾರದು, ಇದು ಅವನು ಗುಡ್ಡದಿಂದ ಇಳಿಯುವಾಗಲೆಲ್ಲ ಲೆಕ್ಕ ಹಾಕುತ್ತಿದ್ದ ಕನಸು. ಅವ್ವನ ಕಟ್ಟಿಗೆ ಒಲೆ ತೆಗೆಸಿ ಕರೆಂಟಿನ ಒಲೆ ತಂದಿಟ್ಟಾಗ ಅವಳು ಅದಕ್ಕೂ ಕುಂಕುಮ ಹಚ್ಚಿದ್ದಳು.

ಈಗ ಅವನು ಮೆಟ್ಟು ತುಳಿಯುವ ಒಂದು ಸಣ್ಣ ಮೋಟಾರು ಮಾಡಿಸಿದ. ಕೈಯ ಹತ್ತಿರ ಒಂದು ಗುಂಡಿ. ಅವ್ವ ಅದನ್ನು ಒತ್ತಿದರೆ ಕೆಳಗೆ ಮೆಟ್ಟು ತಾನೇ ಇಳಿಯುತ್ತದೆ, ಲಾಳಿ ಮಾತ್ರ ಅವಳ ಕೈಯಲ್ಲೇ. ಮೋಟಾರಿಗೆ, ಒಲೆಗೆ, ದೀಪಕ್ಕೆ ಎಲ್ಲಕ್ಕೂ ಸೇರಿ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು. ಅವನ್ನು ಕೂರಿಸಿದ ದಿನ ನಾನೂ ಹೋಗಿದ್ದೆ. ಪಕ್ಕದ ಮನೆಯ ಬೇವಿನ ಮರದ ನೆರಳು ಒಂದು ಗಳಿಗೆಯೂ ಬೀಳದ ಜಾಗ ಮಾಳಿಗೆಯ ನಟ್ಟನಡುವೆ ಇತ್ತು. ಅಣ್ಣ ಅಲ್ಲೇ ಕಬ್ಬಿಣದ ಚೌಕಟ್ಟು ನಿಲ್ಲಿಸಿದ. ಬೆಳಕಿಂಡಿ ಅದರ ಅಡಿಗೆ ಬಂತು. ಮಳೆಗಾಲದಲ್ಲಿ ಅದರಿಂದ ಸೋರುವ ಕಾಟ ತಪ್ಪಿತೆಂದು ಅಪ್ಪನೇ ಅದರ ಮೇಲೆ ಒಂದು ತಗಡು ಹಾಕಿ ಮಣ್ಣು ಮೆತ್ತಿದ. ಒಳಗೆ ಮಗ್ಗದ ಹತ್ತಿರ ದೊಡ್ಡ ಬಲ್ಬು ಹತ್ತಿತು. ಅವ್ವ ಗುಂಡಿ ಒತ್ತಿದಳು, ಮೆಟ್ಟು ಇಳಿಯಿತು, ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಅಣ್ಣ ಕಣ್ಣು ಒರೆಸಿಕೊಂಡು, ಧೂಳು ಬಿತ್ತು ಎಂದ. ನಾವೆಲ್ಲ ನಂಬಿದಂತೆ ಮಾಡಿದೆವು.

ಅದಾದ ಮೇಲೆ ಫೋನು ಮಾಡಿದಾಗಲೆಲ್ಲ ಅವ್ವ, ಕಾಲು ಹಗುರಾಗಿವೆ, ಸೀರೆ ಓಡುತ್ತಿದೆ ಎನ್ನುತ್ತಿದ್ದಳು. ಬೇರೇನೂ ಹೇಳಲಿಲ್ಲ. ನಾನು ನಿಶ್ಚಿಂತೆಯಾಗಿ ಮುಶಿಗೇರಿಯಲ್ಲಿ ಹುಣಸೆ ಚಿಗುರು ತಿನ್ನುತ್ತ ಕೂತಿದ್ದೆ.

ಕುಬಸ ಹತ್ತಿರ ಬಂದಾಗ ಒಂದು ದಿನ ತವರಿಗೆ ಹೋದೆ. ಆ ದಿನ ಬಲ್ಬಿನ ತಂತಿಯನ್ನು ಇಲಿ ಕಡಿದಿತ್ತು. ಅಣ್ಣ ಗುಡ್ಡದಿಂದ ಬರುವುದು ಸಂಜೆಗೆ. ಮೋಟಾರು ನಡೆಯುತ್ತಿತ್ತು, ಬೆಳಕು ಮಾತ್ರ ಇಲ್ಲ. ಅವ್ವನದು ಕೈ ಕಟ್ಟಿ ಕೂರುವ ಜಾಯಮಾನವಲ್ಲ. ಪರಾತ ಹಿಡಿಯುತ್ತೀಯೇನು ಎಂದು ಕೇಳಿದಳು. ಹೊಟ್ಟೆ ಮುಂದೆ ಮಾಡಿಕೊಂಡು ನಾನು ಹಿತ್ತಲ ಬಾಗಿಲಲ್ಲಿ ನಿಂತೆ. ಮೊದಲು ಅಪ್ಪನ ತಲೆಗೆ ಹೊಡೆದೆ, ಅವನು ಬೈದ, ನಕ್ಕೆವು. ಆಮೇಲೆ ಬೆಳಕನ್ನು ಸೀರೆಯ ಮೇಲೆ ತಂದೆ.

ಅವ್ವನ ಕೈ ನಿಂತಿತು. ಮಗ್ಗದ ಮುಂದಿನ ಮರದ ದಿಂಡಿಗೆ ಸುತ್ತಿದ್ದ ಸೀರೆಯನ್ನು ಅವಳು ಸ್ವಲ್ಪ ಬಿಚ್ಚಿದಳು, ಇನ್ನೂ ಸ್ವಲ್ಪ ಬಿಚ್ಚಿದಳು. ನಾನಿದ್ದಲ್ಲಿಂದಲೇ ಕಂಡಿತು. ಒಂದು ಕಡೆಯಿಂದ ಹಸಿರು ಬೇರೆಯಾಗಿತ್ತು. ಮೊದಲಿನದು ಎಳೆ ಜೋಳದ ಗರಿಯ ಹಸಿರು. ಅಲ್ಲಿಂದ ಈಚೆ ನೀಲಿ ಕಲೆಸಿದ ಹಸಿರು, ಎರಡು ಮೊಳದಷ್ಟು ಉದ್ದ. ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು.

ಬಣ್ಣ ಹಾಕುವವರಿಂದ ಎರಡನೆಯ ಸಲ ತಂದ ನೂಲು ಮೊದಲಿನದಕ್ಕೆ ಸರಿಹೊಂದದಿರುವುದು ಹೊಸದೇನಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಹೊಸ ನೂಲಿನ ಲಡಿಯನ್ನು ಬೆಳಕಿಂಡಿಯ ಬಿಸಿಲಲ್ಲಿ ಹಳೆಯದರ ಪಕ್ಕ ಹಿಡಿದು ನೋಡದೆ ಕಂಡಿಕೆಗೆ ಹಾಕುವ ರೂಢಿಯೇ ಇರಲಿಲ್ಲ. ಈ ಸಲ ಅವ್ವ, ಅಪ್ಪ ಇಬ್ಬರೂ ಬಲ್ಬಿನ ಕೆಳಗೆ ಹಿಡಿದು ನೋಡಿದ್ದರು. ಬಲ್ಬಿಗೆ ಎರಡೂ ಒಂದೇ.

ಅವ್ವ ಆ ಗೆರೆಯ ಮೇಲೆ ಬೆರಳು ಆಡಿಸಿದಳು. ಆಮೇಲೆ ಯಾರ ಕಡೆಗೂ ನೋಡದೆ ಹೇಳಿದಳು:

"ಕಾಲ ಹೋದ್ವು ಅಂತ ನೀವೆಲ್ಲಾ ಚಿಂತಿ ಮಾಡಿದ್ರಿ. ಕಣ್ಣೂ ಹೋಗ್ಯಾವು, ಮಗಳ. ಎಳಿ ಕಾಣವಲ್ವು. ನಾ ಯಾರಿಗೂ ಹೇಳಿಲ್ಲ. ನಿನ್ನ ಸೀರಿ ಮುಗಿಯೂತನಕರ ಉಳೀಲಿ ಅಂತ ದೇವರಿಗೆ ಬೇಡ್ಕೊಂಡಿದ್ದೆ."

ಬಲ್ಬು ಅಷ್ಟು ಉರಿಯುತ್ತಿದ್ದರೂ ಕಾಣುವುದಿಲ್ಲವೆಂದರೆ ತಪ್ಪು ತನ್ನ ಕಣ್ಣಿನದೇ ಎಂದು ಅವಳು ತಿಳಿದುಕೊಂಡಿದ್ದಳು. ಮಗ ಅಷ್ಟು ಪ್ರೀತಿಯಿಂದ ಹಾಕಿದ ದೀಪವನ್ನು ದೂರುವುದು ಹೇಗೆ? ಇದು ಕೊನೆಯ ಸೀರೆ, ಮಗ್ಗ ಬಿಚ್ಚಿಸಿಬಿಡು ಎಂದು ಅಪ್ಪನಿಗೂ ಹೇಳಿದಳು. ಅಪ್ಪನ ರಾಟಿ ನಿಂತುಬಿಟ್ಟಿತ್ತು. ನಾನು ಪರಾತವನ್ನು ಅಲ್ಲೇ ಬಿಟ್ಟು ಒಳಗೆ ಬಂದೆ. ಅಳು ಬರಬೇಕಾದಲ್ಲೂ ನನಗೆ ಬರುವುದು ಸಿಟ್ಟೇ. ಯಾರ ಮೇಲೆ ಎಂದು ತಿಳಿಯದೆ ನೆಲದ ಕಡೆ ನೋಡುತ್ತ ನಿಂತೆ. ನೆಲದ ಮೇಲೆ ಚೌಕ ಇರಲಿಲ್ಲ.

ಊಟದ ಹೊತ್ತು ಮೀರಿತ್ತು, ರಾಟಿಯ ಹತ್ತಿರ ಬಿಸಿಲು ಬರಬೇಕಿತ್ತು. ತಲೆ ಎತ್ತಿದೆ. ಬೆಳಕಿಂಡಿ ಇದ್ದಲ್ಲಿ ತಗಡು ಇತ್ತು. ಅದನ್ನು ಮುಚ್ಚಿದಾಗ ನಾನೂ ಅಲ್ಲೇ ನಿಂತು ಚಪ್ಪಾಳೆ ಹೊಡೆದಿದ್ದೆನಲ್ಲ! ಅವ್ವ ಕೂತಲ್ಲಿಗೆ ಹೋಗಿ ಬಗ್ಗಿ ನೋಡಿದೆ. ಬಲ್ಬು ಇದ್ದದ್ದು ಅವಳ ಬೆನ್ನ ಹಿಂದೆ, ಮೇಲ್ಗಡೆ. ಅದು ಉರಿದರೆ ಅವಳ ತಲೆಯ ನೆರಳು, ಕೈಯ ನೆರಳು ಎಲ್ಲವೂ ಎಳೆಗಳ ಮೇಲೆಯೇ ಬೀಳಬೇಕು. ಬಿಸಿಲು ಬರುತ್ತಿದ್ದದ್ದು ಮುಂದಿನಿಂದ.

ಸಂಜೆ ಅಣ್ಣ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ನಾನು ಶುರು ಮಾಡಿದೆ. ಕರೆಂಟು ಮಾಡಲು ಬಿಸಿಲು ಬೇಕೆಂದು ಮನೆಯೊಳಗಿನ ಬಿಸಿಲನ್ನೇ ಮುಚ್ಚುವ ಶಾಣ್ಯಾತನ ಎಲ್ಲಿ ಕಲಿತೆ, ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಚಪ್ಪಲಿ ಬಿಟ್ಟು ಅವ್ವನ ಮುಂದೆ ಹೋಗಿ ಕುಣಿಯ ಅಂಚಿಗೆ ಕೂತ.

"ಯವ್ವಾ, ಕಾಣವಲ್ದು ಅಂತ ಒಂದ ಮಾತ ಅನ್ನಬೇಕಿಲ್ಲೇನ?"

"ನೀ ಅಷ್ಟ ಆಸಿ ಪಟ್ಟ ಹಾಕಿದ್ದೆಲ್ಲಪಾ" ಎಂದಳು ಅವ್ವ, ಅಷ್ಟೇ.

ಮರುದಿನ ಅವನು ಕೆಲಸಕ್ಕೆ ರಜೆ ಹಾಕಿ, ಅಪ್ಪನನ್ನೂ ಓಣಿಯವರನ್ನೂ ಕರೆದು ಚೌಕಟ್ಟನ್ನು ಅಡುಗೆಮನೆಯ ಮೇಲಕ್ಕೆ ಸರಿಸಿದ. ಅಲ್ಲಿ ಬೆಳಗಿನ ಹೊತ್ತು ಬೇವಿನ ನೆರಳು ಬೀಳುತ್ತದೆ, ಮೋಟಾರಿಗೆ ಕರೆಂಟು ಸ್ವಲ್ಪ ತಡವಾಗಿ ತುಂಬುತ್ತದೆ. ಅದು ಅವನಿಗೆ ಒಳಗೊಳಗೇ ಕೊರೆಯುತ್ತಿತ್ತು. ಬಿಸಿಲು ಮಗ್ಗಕ್ಕೆ ಬರುವುದೂ ಆಗಲೇ, ಮೋಟಾರೂ ನಾನೂ ಕೂಡಿಯೇ ಏಳುತ್ತೇವೆ ಬಿಡು ಎಂದು ಅವ್ವ ಸಮಾಧಾನ ಹೇಳಿದಳು. ಅಪ್ಪ ತಗಡು ಕಿತ್ತ. ಒಣಮಣ್ಣು ನಮ್ಮೆಲ್ಲರ ಮೇಲೆ ಸುರಿಯಿತು, ಅದರ ಹಿಂದೆಯೇ ಬಿಸಿಲು ಇಳಿಯಿತು.

ಅವ್ವ ನೂಲಿನ ಚೀಲ ತರಿಸಿದಳು. ಉಳಿದ ಲಡಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದಳು. ಇದು ಇತ್ತ, ಇದು ಅತ್ತ. ಒಮ್ಮೆಯೂ ತಡೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಚೀಲ ಖಾಲಿಯಾದಾಗ ಎರಡು ಗುಂಪು ಬೇರೆ ಬೇರೆ ಕೂತಿದ್ದವು, ಎರಡು ಹಸಿರು ನಮಗೂ ಸ್ಪಷ್ಟವಾಗಿ ಕಂಡವು. ಅವಳು ತನ್ನ ಎರಡೂ ಅಂಗೈ ಎತ್ತಿ ಕಣ್ಣ ಮುಂದೆ ಹಿಡಿದು ಗೆರೆ ನೋಡಿಕೊಂಡಳು. ಆಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಣ್ಣನೂ ಅತ್ತ, ಈ ಸಲ ಧೂಳು ಖರೇನೇ ಇತ್ತು. ನನಗೆ ಅಷ್ಟು ಹಗುರಾದದ್ದು ಹೆರಿಗೆಯಾದ ಮೇಲೂ ನೆನಪಿಲ್ಲ.

ಎರಡು ಮೊಳ ಬಿಚ್ಚಿ ಮತ್ತೆ ನೇಯುವುದೆಂದೇ ನಾವೆಲ್ಲ ತಿಳಿದಿದ್ದೆವು. ಒಂದು ಎಳೆ ತಪ್ಪಿದರೂ ಸೀರೆ ಹೊಸ್ತಿಲು ದಾಟಲು ಬಿಡದವಳು ಅವಳು. ಬಿಚ್ಚಲು ತಾನೂ ಕೂರುತ್ತೇನೆಂದು ಅಣ್ಣ ಹೇಳಿ ಹೋಗಿದ್ದ. ಆ ಬೇರೆ ಹಸಿರಿನ ಕಡೆ ನೋಡಲೂ ಅವನಿಗೆ ಆಗುತ್ತಿರಲಿಲ್ಲ.

ಕುಬಸದ ದಿನ ನನ್ನನ್ನು ಮಣೆಯ ಮೇಲೆ ನಿಲ್ಲಿಸಿ ಅವ್ವನೇ ಸೀರೆ ಉಡಿಸಿದಳು. ನಿರಿಗೆ ಹಿಡಿದು ಸಿಕ್ಕಿಸಿದ ಮೇಲೆ ಬಗ್ಗಿ ನೋಡಿದೆ. ಎಳೆ ಜೋಳದ ಹಸಿರಿನ ನಡುವೆ, ಸರಿಯಾಗಿ ನನ್ನ ಮುಂದೆ, ಆ ನೀಲಿ ಹಸಿರು ಹಾಗೆಯೇ ಇತ್ತು. ಅದರ ಆಚೆ ಮತ್ತೆ ಮೊದಲಿನ ಹಸಿರು. ಮುಚ್ಚಿಡಬಹುದಾಗಿದ್ದ ಕಡೆಯನ್ನು ಅವಳು ಬೇಕೆಂತಲೇ ಮುಂದೆ ತಂದಿದ್ದಳು. ಇಟಗಿಯಿಂದ ಬಂದಿದ್ದ ನನ್ನ ಅತ್ತೆಯ ಅಕ್ಕ ಕಣ್ಣು ಚೂಪು ಮಾಡಿದರು. ಇಷ್ಟು ಚಲೋ ನೇಯುವವರು ಇಲ್ಲೇಕೆ ಬಣ್ಣ ತಪ್ಪಿದಿರಿ, ಬಿಚ್ಚಲು ಹೊತ್ತು ಸಿಗಲಿಲ್ಲವೇ ಎಂದು ಕೇಳಿದರು. ಬಾಗಿಲ ಹೊರಗೆ ಬಾಳೆಲೆ ತೊಳೆಯುತ್ತಿದ್ದ ಅಣ್ಣ ತಲೆ ತಗ್ಗಿಸಿದ್ದನ್ನು ನಾನು ಕಂಡೆ.

ಅವ್ವ ನನ್ನ ನಿರಿಗೆಯನ್ನು ಇನ್ನೊಮ್ಮೆ ಸರಿಮಾಡಿ, ಹೊರಗಿನವರಿಗೂ ಕೇಳುವಂತೆ ಹೇಳಿದಳು:

"ಹೊತ್ತ ಇತ್ರಿ. ಇಷ್ಟು ನೇಯೂವಾಗ ನನ್ನ ಕಾಲ ನೋಯಲಿಲ್ರಿ. ನನ್ನ ಮಗ ನೋಯಗೊಡ್ಲಿಲ್ಲ. ಅದನ್ನ ಹ್ಯಾಂಗ ಬಿಚ್ಚಲಿ?"