ಕಪ್ಪೆಚಿಪ್ಪುಗಳಿಗೆ ನಾನು ಹಾಕಿದ ಹಿಂಡಿ

ಜವಳಗೇರಾದಲ್ಲಿ ಚಿಗವ್ವನ ಮನೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ನಾವಿಬ್ಬರೂ ಕಪ್ಪೆಚಿಪ್ಪು ಸಾಕಿದ್ದೆವು. ಮುತ್ತು ಬೆಳೆಯುವ ಆಸೆ ಅವಳದು. ಗಂಡ ತೀರಿದ ಮೇಲೆ ಅವಳು ಹಚ್ಚಿಕೊಂಡ ಕೆಲಸ ಅದೊಂದೇ. ನಾನು ಓದಿದವಳೆಂದು ಲಿಂಗಸುಗೂರಿನ ತರಬೇತಿಗೆ ನನ್ನನ್ನೇ ಕಳಿಸಿದ್ದಳು.

ಅಲ್ಲಿ ಕಲಿಸಿದವರು ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದರು. ಇವು ನೀರನ್ನು ಒಳಗೆಳೆದು, ಅದರೊಳಗಿನ ಹಸಿರು ಪಾಚಿಯನ್ನು ಸೋಸಿ ತಿನ್ನುತ್ತವೆ. ನೀರು ತೆಳುಹಸಿರಾಗಿದ್ದರೆ ಸಾಕು. ಮಂದವಾದರೆ ಅರಗಿಸಿಕೊಳ್ಳಲಾರದೆ ಲೋಳೆ ಸುತ್ತಿ ಹೊರಗೆ ಹಾಕುತ್ತವೆ, ಕಡೆಗೆ ಬಾಯಿ ಮುಚ್ಚಿಬಿಡುತ್ತವೆ. "ಹೆಚ್ಚಿಗಿ ಹಾಕಿದ್ರ ಲಗೂನ ಬೆಳಿತಾವಂತ ತಿಳೀಬ್ಯಾಡ್ರಿ," ಅಂದಿದ್ದರು.

ದಿನಾ ಬೆಳಿಗ್ಗೆ ಚಿಗವ್ವ ಒಂದು ಚಿಪ್ಪು ತೆಗೆದು ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಹೊಸದಾಗಿ ಬೆಳೆದ ಭಾಗ ಅಲ್ಲಿ ಉಗುರಿನಷ್ಟು ತೆಳ್ಳಗಿರುತ್ತಿತ್ತು. ಚಳಿಗಾಲದಲ್ಲಿ ಅದು ಕಾಣಿಸದಾಯಿತು.

"ಹಸದಾವೇನು ಬೇ?" ಎಂದು ಕೇಳಿದಳು.

ತರಬೇತಿ ಪಡೆದು ಬಂದವಳು ನಾನು, ನಾಚಿಕೆಯಾಯಿತು. ಅವಳು ತಂಗಿಯ ಮನೆಗೆಂದು ಮಸ್ಕಿಗೆ ಹೋದ ವಾರ ನಾನು ದನಕ್ಕಿಡುವ ಶೇಂಗಾ ಹಿಂಡಿ ನೆನೆಸಿ, ನಾಲ್ಕು ದಿನ ತೊಟ್ಟಿಗೆ ಸುರಿದೆ. ಐದನೆಯ ದಿನ ಚಿಪ್ಪುಗಳು ಬಾಯಿ ತೆರೆದು ಸತ್ತಿದ್ದವು. ಓಣಿಗೆಲ್ಲ ನಾತ. ಅವಳು ಬರುವುದರೊಳಗೆ ನೀರು ಚೆಲ್ಲಿ ತೊಟ್ಟಿ ತೊಳೆದುಬಿಟ್ಟೆ. ಏನಾಯಿತೋ ತಿಳಿಯದು ಅಂದೆ.

ಗೋಡೆಯಾಚೆಯ ಭತ್ತದ ಗದ್ದೆ ನೆರೆಮನೆಯ ಚಾಚಾನದು. ರಂಜಾನ್ ಹಬ್ಬ ಬಂದರೆ ಅವನ ಹೆಂಡತಿ ಚಾಚಿ ಶಾವಿಗೆ, ಹಾಲು ಹಾಕಿ ಮಾಡಿದ ಸುರಕುಂಬದ ಮೊದಲ ಬಟ್ಟಲು ತರುತ್ತಿದ್ದುದು ಚಿಗವ್ವನಿಗೆ. ಆ ಮನೆಯ ಮುಂದೆ ನಿಂತು ಚಿಗವ್ವ ಹೇಳಿದಳು: "ನೀವು ಭತ್ತಕ್ಕ ಹೊಡದ ಹುಳದ ಎಣ್ಣಿ ನಮ್ಮ ತೊಟ್ಟಿಗಿ ಬಂದೈತಿ."

"ಈ ವಾರ ಎಣ್ಣಿನ ಹೊಡದಿಲ್ಲವ್ವ," ಎಂದು ಚಾಚಾ ಮೆಲ್ಲಗೆ ಅಂದ. ಅವಳು ನಂಬಲಿಲ್ಲ. ನಾನು ಅವಳ ಹಿಂದೆಯೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮುಂದಿನ ಹಬ್ಬಕ್ಕೆ ಚಾಚಿ ತಂದ ಬಟ್ಟಲನ್ನು ಚಿಗವ್ವ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದಳು. ಆಮೇಲೆ ಅವರು ಬರಲಿಲ್ಲ.

ಈ ವರ್ಷ ಚಾಚಿ ತೀರಿಕೊಂಡಳು. ಚಿಗವ್ವ ಹೋಗಲಿಲ್ಲ, ನಾನು ಹೋದೆ.

"ನಿಮ್ಮ ಚಿಗವ್ವ ಬರಲಿಲ್ಲೇನವ್ವ?" ಎಂದು ಚಾಚಾ ಕೇಳಿದ.

ಜ್ವರ ಬಂದಿದೆ ಎಂದೆ. ಗುಳಿಗೆ ತರಿಸಿಕೊಡಲೇ ಎಂದು ಅವನು ಕೇಳಿದಾಗ ಮುಖ ನೋಡಲಾಗಲಿಲ್ಲ. ಮನೆಗೆ ಬಂದರೆ ಚಿಗವ್ವ ಒಲೆ ಹಚ್ಚದೆ ಕೂತಿದ್ದಳು. ಮಣ್ಣಾಯಿತೇ ಎಂದಷ್ಟೇ ಕೇಳಿದಳು. ಆಯಿತು ಅಂದೆ. ಹಿಂಡಿಯ ಮಾತು ಅವತ್ತೂ ಹೇಳಲಿಲ್ಲ.